ಹತ್ತು ಸಾವಿರ ದನಿಗಳಲ್ಲಿ ನನ್ನದೊಂದು ಯಾಕೆ ಬೇಕು?

ಆನ್‌ಲೈನ್ ಕ್ಲಾಸ್ ಕಾಲದಲ್ಲಿ ಯಾರದ್ದಾದ್ರೂ ಬರ್ತ್‌ಡೇ ಇದ್ದರೆ ಎಲ್ಲರೂ ಒಟ್ಟಿಗೆ ಮೈಕ್ ಆನ್ ಮಾಡಿ ಹಾಡ್ತಿದ್ದೆವು, ನೆನಪಿದೆಯಾ? ಒಬ್ಬರದ್ದು ಮುಗಿಯುವ ಹೊತ್ತಿಗೆ ಇನ್ನೊಬ್ಬರದ್ದು ಅರ್ಧಕ್ಕೆ ಬಂದಿರುತ್ತಿತ್ತು. ನಾವೆಲ್ಲ ನೆಟ್‌ವರ್ಕಿಗೆ ಬೈದೆವು. ಆದರೆ ಇಂಟರ್ನೆಟ್ಟೇ ಇಲ್ಲದೆ, ಒಂದೇ ಸೂರಿನ ಕೆಳಗೆ ನಿಂತು ಹಾಡುವವರಿಗೂ ಇದೇ ತೊಂದರೆ ಬರುತ್ತದೆ. ಗುಂಪು ದೊಡ್ಡದಾದಷ್ಟೂ ತೊಂದರೆ ಜಾಸ್ತಿ. ಅದನ್ನು ಅವರು ಹೇಗೆ ನಿಭಾಯಿಸುತ್ತಾರೆ ಅನ್ನೋದೇ ಈ ಸಲದ ಪಾಠ.

ಉದಾಹರಣೆಗೆ ಜಪಾನನ್ನು ತಗೊಳ್ಳೋಣ. ಅಲ್ಲಿ ಡಿಸೆಂಬರ್ ಬಂತು ಅಂದ್ರೆ ಬೀಥೋವನ್‌ನ 9ನೇ ಸಿಂಫನಿ ಇರಲೇಬೇಕು. ಅದನ್ನು 'ಡೈಕು' ಅಂತ ಕರೀತಾರೆ. ಅರ್ಥ 'ಒಂಬತ್ತನೆಯದು', ಅಷ್ಟೇ. ಈ ಕೃತಿಯ ಮೊದಲ ಪ್ರದರ್ಶನ ಆದದ್ದು 1824ರ ಮೇ 7ರಂದು, ವಿಯೆನ್ನಾದಲ್ಲಿ. ಇದರಲ್ಲಿ ನಾಲ್ಕು ಭಾಗಗಳಿವೆ. ಮೊದಲ ಮೂರರಲ್ಲಿ ಬರೀ ವಾದ್ಯ. ಕೊನೆಯ ಭಾಗದಲ್ಲಿ ಕೋರಸ್ ಎದ್ದು, ಜರ್ಮನ್ ಕವಿ ಷಿಲ್ಲರ್ ಆನಂದದ ಬಗ್ಗೆ ಬರೆದ ಪದ್ಯವನ್ನು ಹಾಡುತ್ತದೆ.

ಜಪಾನಿನಲ್ಲಿ ಇದನ್ನು ಮೊದಲು ಪೂರ್ತಿ ನುಡಿಸಿ ಹಾಡಿದವರು ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರು. ಬಾಂಡೋ ಎಂಬ ಕೈದಿಗಳ ಶಿಬಿರದಲ್ಲಿ, 1918ರ ಜೂನ್ 1ರಂದು. ಅಲ್ಲಿ ಹೆಂಗಸರೇ ಇರಲಿಲ್ಲ. ಹಾಗಾಗಿ ಅವರ ಭಾಗವನ್ನೂ ಗಂಡಸರ ದನಿಗೆ ಹೊಂದಿಸಿಕೊಂಡರು. ಈಗ ಒಸಾಕಾದಲ್ಲಿ 1983ರಿಂದ ಪ್ರತಿ ಡಿಸೆಂಬರ್‌ನಲ್ಲಿ ಸುಮಾರು 10,000 ಜನರ ಕೋರಸ್ ಇದನ್ನು ಹಾಡುವ ಪದ್ಧತಿ ಇದೆ. ಹಾಡುವವರು ಹೆಚ್ಚಾಗಿ ನಮ್ಮ ನಿಮ್ಮಂಥ ಸಾಮಾನ್ಯ ಜನ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, ತಮ್ಮದಲ್ಲದ ಜರ್ಮನ್ ಭಾಷೆಯಲ್ಲಿ ಹಾಡ್ತಾರೆ.

ಈಗ ಲೆಕ್ಕಕ್ಕೆ ಬರೋಣ.

1. ಸದ್ದಿನ ಲೆಕ್ಕ

ಒಬ್ಬರ ಬದಲು 10,000 ಜನ ಹಾಡಿದರೆ ಸದ್ದು ಎಷ್ಟು ಏರುತ್ತದೆ? ಎಲ್ಲರ ದನಿಯೂ ಒಂದೇ ಫೇಸ್‌ನಲ್ಲಿ ಇರಲ್ಲ. ಆದ್ದರಿಂದ ಇಲ್ಲಿ ಕೂಡುವುದು ಪವರ್. 10 × ಲಾಗ್ 10,000, ಅಂದ್ರೆ 40 ಡೆಸಿಬಲ್. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಹಾಗಾಗಿ ಹತ್ತು ಸಾವಿರ ಜನ ಸೇರಿದರೂ ಕೇಳಿಸೋದು ಸುಮಾರು 16 ಪಟ್ಟು ಜೋರಾಗಿ ಮಾತ್ರ! ಅದರಲ್ಲಿ ಒಬ್ಬರು ಸುಮ್ಮನಾದರೆ ಕಡಿಮೆಯಾಗೋದು 0.0004 ಡೆಸಿಬಲ್. ಯಾವ ಕಿವಿಗೂ ಗೊತ್ತಾಗಲ್ಲ.

ಹಾಗಾದ್ರೆ ಹಿಂದಿನ ಸಾಲಿನಲ್ಲಿ ನಿಂತು ಸುಮ್ಮನೆ ಬಾಯಿ ಆಡಿಸಿದರೆ ಸಾಕಲ್ವಾ? ಅಸೆಂಬ್ಲಿಯಲ್ಲಿ ನಾವು ಮಾಡ್ತಿದ್ದದ್ದೂ ಅದೇ ತಾನೇ! ಈ ಪ್ರಶ್ನೆಯನ್ನು ಇಟ್ಟುಕೊಂಡಿರಿ.

2. ತಡದ ಲೆಕ್ಕ

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಿಮ್ಮಿಂದ 50 ಮೀಟರ್ ಆಚೆ ನಿಂತವರ ದನಿ ನಿಮಗೆ ತಲುಪಲು 0.15 ಸೆಕೆಂಡ್ ಬೇಕು. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್ ಅಂದ್ರೆ 0.5 ಸೆಕೆಂಡ್. ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಬೀಟ್ ತಡ. ಅವರನ್ನು ಕೇಳಿಸಿಕೊಂಡು ನೀವು ಹಾಡಿದರೆ, ನಿಮ್ಮ ದನಿ ಅವರಿಗೆ ವಾಪಸ್ ಹೋಗುವಾಗ ತಡ 0.3 ಸೆಕೆಂಡ್ ಆಗುತ್ತದೆ. ಆಮೇಲೆ ಆ ಬರ್ತ್‌ಡೇ ಹಾಡಿನದೇ ಕಥೆ.

ನಮ್ಮ ಭಜನೆಯಲ್ಲಿ ಪಕ್ಕದವರನ್ನು ಕೇಳಿಯೇ ತಾಳ ಹಾಕ್ತೀವಿ. 5 ಮೀಟರಿನ ಕೋಣೆಯಲ್ಲಿ ತಡ 0.015 ಸೆಕೆಂಡ್ ಮಾತ್ರ, ಆದ್ದರಿಂದ ನಡೆಯುತ್ತದೆ. ದೊಡ್ಡ ಹಾಲ್‌ನಲ್ಲಿ ನಡೆಯಲ್ಲ. ಅಲ್ಲಿ ನಂಬಬೇಕಾದದ್ದು ಕಂಡಕ್ಟರ್ ಕೈಯನ್ನು. ಬೆಳಕಿಗೆ ಹೇಳಿಕೊಳ್ಳುವಂಥ ತಡವೇ ಇಲ್ಲ. ಸೂತ್ರ ಇಷ್ಟೇ: ಶ್ರುತಿ ಕಿವಿಯಿಂದ, ತಾಳ ಕಣ್ಣಿನಿಂದ.

3. ಉಸಿರಿನ ಲೆಕ್ಕ

ಈ ಕೃತಿಯಲ್ಲಿ ಸೊಪ್ರಾನೊಗಳು, ಅಂದ್ರೆ ಎತ್ತರದ ದನಿಯ ಹೆಂಗಸರು, ಸುಮಾರು 880 ಹರ್ಟ್ಸ್‌ನ ಸ್ವರವನ್ನು ಸಾಲು ಸಾಲು ಬಾರ್‌ಗಳವರೆಗೆ ಹಿಡಿದಿಡಬೇಕಾದ ಜಾಗ ಇದೆ. ಒಂದೇ ಉಸಿರಿನಲ್ಲಿ ಅದು ಕಷ್ಟ. ಉಪಾಯ ಏನಂದ್ರೆ ಸರದಿ ಉಸಿರು. ಪಕ್ಕದವರು ಉಸಿರು ತಗೊಳ್ಳುವಾಗ ನೀವು ತಗೋಬಾರದು. ಎಲ್ಲರೂ ಉಸಿರು ಬಿಡುವ ಸಹಜ ಜಾಗದಲ್ಲೂ ತಗೋಬಾರದು. ಸ್ವರದ ಮಧ್ಯೆ ಮೆಲ್ಲಗೆ ಬಿಟ್ಟು, ಉಸಿರೆಳೆದು, ಸಣ್ಣ ದನಿಯಲ್ಲಿ ವಾಪಸ್ ಸೇರಬೇಕು. ಸರ್ವರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ರಿಪೇರಿ ಮಾಡಿದರೂ ವೆಬ್‌ಸೈಟ್ ನಡೀತಾ ಇರುತ್ತಲ್ಲ, ಹಾಗೆ. ನೀವು ಬಾಯಿ ಮಾತ್ರ ಆಡಿಸಿದರೆ, ಪಕ್ಕದವರು ನಿಮ್ಮನ್ನು ನಂಬಿ ಉಸಿರು ತಗೊಂಡಾಗ ಅಲ್ಲಿ ತೂತು ಬೀಳುತ್ತದೆ.

4. ನಿಲ್ಲಿಸುವ ಲೆಕ್ಕ

ಕೊನೆಯ ಭಾಗದ ನಡುವೆ ಕೋರಸ್ 'ದೇವರು' ಎಂಬ ಅರ್ಥದ 'ಗೊಟ್' ಪದವನ್ನು ಪೂರ್ತಿ ಜೋರಿನಲ್ಲಿ, ಉದ್ದಕ್ಕೆ ಹಿಡಿಯುತ್ತದೆ. ಕಂಡಕ್ಟರ್ ಕೈ ಮುಚ್ಚಿದ ಕೂಡಲೇ ಎಲ್ಲರೂ ನಿಲ್ಲಬೇಕು. ಕೊನೆಯ 'ಟ್' ಎಲ್ಲರ ಬಾಯಲ್ಲೂ ಒಂದೇ ಸಲ ಬರಬೇಕು. ಹಿಂದೆ ಮುಂದೆ ಆದರೆ ತಗಡಿನ ಮೇಲೆ ಮಳೆ ಬಿದ್ದಂತೆ ಟಪಟಪ ಅನ್ನುತ್ತದೆ. ಆಮೇಲೆ ಮೌನ. ಆ ಮೌನದಿಂದ ಬಸೂನ್ ಎಂಬ ಗಾಳಿವಾದ್ಯವೂ ದೊಡ್ಡ ಡ್ರಮ್ಮೂ ತುಂಬಾ ಮೆಲ್ಲಗೆ ಮುಂದಿನ ಮಾರ್ಚ್ ಶುರು ಮಾಡುತ್ತವೆ.

ಆಗ ಒಬ್ಬರು ಮಾತ್ರ ಮೈಮರೆತು ಹಾಡ್ತಾ ಉಳಿದರೆ? ಪ್ರತಿಧ್ವನಿ ಇಳಿದ ಮೇಲೆ ಆ ಒಂದು ದನಿ ಎಲ್ಲರಿಗೂ ಕೇಳಿಸುತ್ತದೆ. ಸದ್ದಿನಲ್ಲಿ ಒಬ್ಬರ ಪಾಲು ಹತ್ತು ಸಾವಿರದಲ್ಲೊಂದು. ಮೌನದಲ್ಲಿ ಪೂರ್ತಿ ಒಂದು.

ಇಟ್ಟುಕೊಂಡ ಪ್ರಶ್ನೆಗೆ ಉತ್ತರ ಇದೇ. ಕೋರಸ್‌ಗೆ ನಮ್ಮಿಂದ ಬೇಕಾಗಿರೋದು ಜೋರು ದನಿ ಅಲ್ಲ, ಗಮನ. ಯಾವಾಗ ಸೇರಬೇಕು, ಯಾವಾಗ ಉಸಿರಾಡಬೇಕು, ಯಾವಾಗ ನಿಲ್ಲಬೇಕು ಅನ್ನುವ ಗಮನ. ಅದನ್ನು ನಮ್ಮ ಬದಲು ಇನ್ನೊಬ್ಬರು ಕೊಡೋಕಾಗಲ್ಲ.

ಮನೆಕೆಲಸ: ಹಾಸ್ಟೆಲ್ ರೂಮಲ್ಲಿ ಆರು ಜನ ಸೇರಿ. ಒಂದೇ ಸ್ವರವನ್ನು 1 ನಿಮಿಷ ಕಡಿಯದೆ ಹಿಡಿಯಿರಿ, ಸರದಿ ಉಸಿರಿನಲ್ಲಿ. ಪಕ್ಕದವರ ದನಿ ಕೇಳಿಸದಿದ್ದರೆ ನೀವು ಕಿರುಚುತ್ತಿದ್ದೀರಿ ಅಂತ ಅರ್ಥ, ಸ್ವಲ್ಪ ಇಳಿಸಿ. ಏಳನೆಯವರು ಕೈ ಮುಚ್ಚಿದಾಗ ನಿಲ್ಲಿಸಿ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ: ಕೊನೆಯಲ್ಲಿ ಒಬ್ಬರ ದನಿ ಉಳಿದಿದೆಯಾ? ಅದು ಯಾರದ್ದು?