ಬ್ರಹ್ಮಪುರದ ಗ್ಯಾರೇಜಿಗೂ ಐಟಿಐಗೂ ನಡುವೆ

ಕಲಬುರಗಿಯ ಬ್ರಹ್ಮಪುರದಂಥ ಹಳೆಯ ಬಡಾವಣೆಯ ಹುಡುಗರಿಗೆ ಕಸುಬು ಕಲಿಯಲು ಎರಡು ದಾರಿಗಳಿವೆ, ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಶಾಲೆ ಬಿಟ್ಟವನು ಗ್ಯಾರೇಜಿನ ಉಸ್ತಾದನ ಕೈಕೆಳಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಾನೆ. ವರ್ಷಗಟ್ಟಲೆ ದುಡಿದರೂ ಕಲಿತದ್ದಕ್ಕೆ ಒಂದು ಚೀಟಿಯ ಆಧಾರ ಇರುವುದಿಲ್ಲ. ಐಟಿಐ ಮುಗಿಸಿದವನ ಬಳಿ ಪ್ರಮಾಣಪತ್ರವಿದೆ. ಕಾರ್ಖಾನೆಯ ಪಾಳಿ, ಕೆಟ್ಟು ನಿಂತ ಯಂತ್ರದ ಮುಂದಿನ ಒತ್ತಡ ಅವನಿಗೆ ಹೊಸದು. ಇವರನ್ನು ವರ್ಷಗಳಿಂದ ಗಮನಿಸಿ ನನಗೆ ಮನದಟ್ಟಾದದ್ದು ಇಷ್ಟು: ಓದು ಮತ್ತು ಉದ್ಯೋಗದ ನಡುವೆ ಒಂದು ವರ್ಷದ ಅಪ್ರೆಂಟಿಸ್ ಅವಧಿ ಇಬ್ಬರಿಗೂ ಬೇಕು, ಅದು ಸಣ್ಣ ಅಂಗಡಿಗಳಲ್ಲೂ ನಡೆಯಬೇಕು. ಕಾನೂನು ಹೊಸದಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಸೇರಿಸಿಕೊಳ್ಳಲೇಬೇಕು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಈ ಲೆಕ್ಕದೊಳಗೆ ಬರುತ್ತವೆ. 4ರಿಂದ 29 ಜನರಿರುವ ಕಡೆ ಅದು ಮಾಲೀಕರ ಇಷ್ಟ. ನಮ್ಮ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಎಷ್ಟೋ ತೊಗರಿ ದಾಲ್‌ಮಿಲ್‌ಗಳು ಇಲ್ಲೇ ಉಳಿದುಬಿಡುತ್ತವೆ.

ಅಪ್ರೆಂಟಿಸ್ ಎಂಬುದು ಅಗ್ಗದ ಕೂಲಿಗೆ ಹಾಕಿದ ಒಳ್ಳೆಯ ಹೆಸರು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಕಲಿಸದೆ ಕಸ ಗುಡಿಸಲು ಹಚ್ಚುವ ಮಾಲೀಕರಿದ್ದಾರೆ. ಆದರೆ ನೋಂದಾಯಿತ ಕರಾರಿನಲ್ಲಿ ಅವಧಿ ನಿಗದಿಯಾಗಿರುತ್ತದೆ, ಶಿಷ್ಯವೇತನ ಬರೆದಿರುತ್ತದೆ, ದೂರು ಕೊಡಲು ಅಪ್ರೆಂಟಿಸ್ ಸಲಹೆಗಾರರ ಕಚೇರಿ ಇರುತ್ತದೆ. ಗ್ಯಾರೇಜಿನ ಬಾಯಿಮಾತಿನ ಹುಡುಗನಿಗೆ ಇದೊಂದೂ ಇಲ್ಲ. ಕರಾರು ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಾಯ್ದೆಯಲ್ಲಿಲ್ಲ, ಅದು ನಿಜ. ಹಾಗಾದರೂ ಅಂತಿಮ ಪರೀಕ್ಷೆ ಪಾಸಾದವನ ಪ್ರಮಾಣಪತ್ರ ಬೇರೆ ಊರಲ್ಲೂ ನಡೆಯುತ್ತದೆ. ರೈಲ್ವೆಯ ಲೆವೆಲ್ 1 ನೇರ ನೇಮಕಾತಿಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಶೇ. 20ರಷ್ಟು ಹುದ್ದೆ ಮೀಸಲಿವೆ. ಉಸ್ತಾದನ ಅಳುಕು ಈ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಕಲಿಸಿದ ಮೇಲೆ ಹುಡುಗ ಪುಣೆಗೋ ಹೈದರಾಬಾದಿಗೋ ಹೋದರೆ ಕಲಿಸಿದ ಶ್ರಮ ಯಾರಿಗೆ? ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಲ್ಲಿ ಕೇಂದ್ರವು ಶಿಷ್ಯವೇತನದ ಕಾಲುಭಾಗವನ್ನು, ತಿಂಗಳಿಗೆ 1500 ರೂಪಾಯಿ ಮಿತಿಯೊಳಗೆ, ಭರಿಸುತ್ತದೆ. ಅಷ್ಟರಿಂದ ಆ ಅಳುಕು ಹೋಗದು. ಹಲವು ಮಾಲೀಕರು ಒಟ್ಟಾಗಿ ತರಬೇತಿ ಕೊಡಲು ಕಾಯ್ದೆ ಅವಕಾಶ ಮಾಡಿದೆ. ಬ್ರಹ್ಮಪುರದ ಅಂಗಡಿಯವರು ಅದನ್ನು ಬಳಸಿದರೆ ಖರ್ಚು ಹಂಚಿಹೋಗುತ್ತದೆ, ಹುಡುಗನೂ ಒಂದೇ ಅಂಗಡಿಯ ಕೆಲಸಕ್ಕೆ ಕಟ್ಟುಬೀಳುವುದಿಲ್ಲ.

ಉಳಿದದ್ದು ಹೊಟ್ಟೆಯ ಲೆಕ್ಕ. 2019ರ ತಿದ್ದುಪಡಿ ಐಟಿಐ ಪಾಸಾದವರಿಗೆ ಗೊತ್ತುಮಾಡಿದ ಕನಿಷ್ಠ ಶಿಷ್ಯವೇತನ ತಿಂಗಳಿಗೆ 7000 ರೂಪಾಯಿ. ಕಮಲಾಪುರದ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲೇ ಬಂದಿದ್ದರೂ ಪಾಳಿಯ ಹೊತ್ತಿಗೆ ಸರಿಯಾಗಿ ರೈಲು ಸಿಗಬೇಕಲ್ಲ. ಕಮಲಾಪುರದಿಂದ ದಿನವೂ ನಗರಕ್ಕೆ ಬಂದುಹೋಗುವವರಿಗೆ ಓಡಾಟ, ಊಟ ಕಳೆದರೆ ಮನೆಗೆ ಕೊಡಲು ಹೆಚ್ಚೇನೂ ಉಳಿಯದು. ಅದಕ್ಕೇ ನಾನು ಕಮಲಾಪುರದ ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಅಂಗಡಿಗಳನ್ನೂ ಈ ಒಕ್ಕೂಟಕ್ಕೆ ಸೇರಿಸಿ ಎನ್ನುತ್ತೇನೆ. ಸುತ್ತಲಿನ ಹಳ್ಳಿಗಳ ಯಂತ್ರಗಳೆಲ್ಲ ಅಲ್ಲಿಗೇ ಬರುತ್ತವೆ, ಕಲಿಯುವವನು ರಾತ್ರಿ ತನ್ನ ಮನೆಯಲ್ಲೇ ಉಣ್ಣುತ್ತಾನೆ.