ಸ್ಟಾರ್ ಹಾಕುವ ಮುನ್ನ

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಎಸ್‌ಕ್ಯೂಎಲ್ ಶುರುವಾದ ಕೂಡಲೇ ಎಲ್ಲರಿಗೂ ಬಾಯಿಪಾಠವಾಗುವ ಸಾಲು ‘ಸೆಲೆಕ್ಟ್ ಸ್ಟಾರ್ ಫ್ರಮ್ ಸ್ಟೂಡೆಂಟ್’. ಸ್ಟಾರ್ ಅಂದರೆ ಟೇಬಲ್‌ನ ಎಲ್ಲ ಕಾಲಂಗಳೂ ಬರಲಿ ಎಂದರ್ಥ. ಪ್ರಾಕ್ಟಿಕಲ್‌ಗೆ ಇದು ಸಾಕು. ಜನ ಬಳಸುವ ವೆಬ್‌ಸೈಟಿಗೆ ಮಾತ್ರ ಹೀಗೆ ಬರೆಯಬೇಡಿ ಎಂದು ತರಗತಿಯಲ್ಲಿ ಹೇಳುತ್ತಲೇ ಇರುತ್ತೇನೆ.

ವಿದ್ಯಾರ್ಥಿವೇತನಕ್ಕೆ ನೀವು ಹೊಳವನಹಳ್ಳಿಯಲ್ಲೋ ಕೊರಟಗೆರೆಯಲ್ಲೋ ಸೈಬರ್ ಸೆಂಟರಿನಲ್ಲಿ ಕೂತು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತೀರಿ. ಆಧಾರ್, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಮೊಬೈಲ್ ನಂಬರ್ ಎಲ್ಲ ಕೊಡಬೇಕು. ಅಲ್ಲಿ ಅವು ಬೇಕು. ಪಿಯುಸಿ ಫಲಿತಾಂಶದ ಪುಟದಲ್ಲಿ ಹೆಸರು, ಅಂಕ ಬಂದರೆ ಸಾಕು. ತಂದೆಯ ಆದಾಯ ಅಲ್ಲಿ ಯಾರಿಗೆ ಬೇಕು?

ಒಂದು ಕಾಲೇಜು ವಿದ್ಯಾರ್ಥಿಗಳ ಹೆಸರು, ಸೆಕ್ಷನ್ ತೋರಿಸುವ ಪುಟ ಮಾಡಿಸಿತು ಎಂದುಕೊಳ್ಳಿ. ಟೇಬಲ್‌ನಲ್ಲಿ ಮೊಬೈಲ್, ಆಧಾರ್, ಆದಾಯವೂ ಇವೆ. ಬರೆದವರು ಸ್ಟಾರ್ ಹಾಕಿ ಎಲ್ಲವನ್ನೂ ತರಿಸಿ, ಬಂದದ್ದನ್ನೆಲ್ಲ ಬ್ರೌಸರಿಗೆ ಕಳಿಸಿ, ಪರದೆಯ ಮೇಲೆ ಎರಡನ್ನಷ್ಟೇ ತೋರಿಸಿದರು. ಆದರೆ ಉಳಿದದ್ದೂ ಬ್ರೌಸರಿಗೆ ಬಂದು ಕೂತಿದೆ. ಕಂಪ್ಯೂಟರಿನಲ್ಲಿ ಎಫ್12 ಒತ್ತಿ ‘ನೆಟ್‌ವರ್ಕ್’ ತೆರೆದರೆ ಸರ್ವರ್ ಕೊಟ್ಟ ಉತ್ತರ ಪೂರ್ತಿ ಕಾಣುತ್ತದೆ. ಹೆಣ್ಣುಮಗಳೊಬ್ಬಳ ನಂಬರ್ ತೆಗೆಯಲು ಹ್ಯಾಕರ್ ಬೇಕಿಲ್ಲ, ಒಂದು ಕೀಲಿ ಸಾಕು. ನಮ್ಮ ಮನೆಗಳಲ್ಲಿ ಅಮಾನತ್ ಎನ್ನುತ್ತೇವಲ್ಲ, ಕಾಲೇಜಿಗೆ ಕೊಟ್ಟ ಮಾಹಿತಿಯೂ ಅದೇ. ವೆಬ್ ಸುರಕ್ಷತೆಯ ಓವಾಸ್ಪ್ ಸಂಸ್ಥೆ 2019ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ಈ ದೋಷಕ್ಕೆ 3ನೇ ಸ್ಥಾನ ಕೊಟ್ಟಿತ್ತು.

ಪರಿಹಾರ ಸಣ್ಣದು: ‘ಸೆಲೆಕ್ಟ್ ನೇಮ್, ಸೆಕ್ಷನ್ ಫ್ರಮ್ ಸ್ಟೂಡೆಂಟ್’. ‘ವೇರ್’ ಹಾಕಿದರಾಯಿತು ಎಂದು ಕೆಲವರು ಉತ್ತರ ಬರೆಯುತ್ತಾರೆ. ವೇರ್ ಸಾಲುಗಳನ್ನು ಕಡಿಮೆ ಮಾಡುತ್ತದೆ, ಕಾಲಂಗಳನ್ನಲ್ಲ. ಇನ್ನೊಂದು ಲಾಭ ಮುಂದೆ ಗೊತ್ತಾಗುತ್ತದೆ. ಬರುವ ವರ್ಷ ಆಫೀಸಿನವರು ಅದೇ ಟೇಬಲ್‌ಗೆ ಬ್ಯಾಂಕ್ ಖಾತೆಯ ಕಾಲಂ ಸೇರಿಸಿದರೆ, ಸ್ಟಾರ್ ಇರುವ ಪುಟ ಯಾರೂ ಒಂದಕ್ಷರ ಮುಟ್ಟದೆಯೇ ಅದನ್ನೂ ಹೊರಗೆ ಕಳಿಸುತ್ತದೆ. ಹೆಸರು ಹೇಳಿ ಕೇಳಿದ ಪುಟ ಕಳಿಸುವುದಿಲ್ಲ. ಇನ್ನೂ ಭದ್ರ ಬೇಕೆಂದರೆ ಆ ಎರಡೇ ಕಾಲಂಗಳ ‘ವ್ಯೂ’ ಮಾಡಿ, ವೆಬ್‌ಸೈಟಿಗೆ ಅದರ ಮೇಲಷ್ಟೇ ಅನುಮತಿ ಕೊಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ತೀರ್ಪಿತ್ತರು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ; ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಅದೇ ಆಧಾರ್‌ನಲ್ಲಿ ನಮಗೊಂದು ಒಳ್ಳೆಯ ಮಾದರಿಯೂ ಇದೆ. ಬೆರಳಚ್ಚು ಕೊಟ್ಟು ದೃಢೀಕರಿಸುವಾಗ ಅಲ್ಲಿಂದ ಬರುವುದು ‘ಹೌದು’ ಅಥವಾ ‘ಇಲ್ಲ’ ಅಷ್ಟೇ. (ಇ-ಕೆವೈಸಿ ಬೇರೆ, ಅಲ್ಲಿ ಹೆಸರು, ವಿಳಾಸ ಬರುತ್ತವೆ.) ನಿಮ್ಮ ಪ್ರಾಜೆಕ್ಟಿನ ಲಾಗಿನ್ ಪುಟವನ್ನೂ ಹಾಗೆಯೇ ಬರೆಯಿರಿ: ಪಾಸ್‌ವರ್ಡ್ ಹೋಲಿಕೆ ಸರ್ವರಿನಲ್ಲೇ ಆಗಲಿ, ಬ್ರೌಸರಿಗೆ ಹೌದು-ಇಲ್ಲ ಮಾತ್ರ ಹೋಗಲಿ.