ಪ್ಯಾನೆಲ್ ಒರೆಸುವಲ್ಲಿಗೇ ನಿಲ್ಲಬೇಡ

ಮಗಳೇ,

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಮುಂದೇನು ಎಂದು ಯೋಚಿಸುತ್ತ ಮನೆಯಲ್ಲಿ ಕೂತ ಮಕ್ಕಳು ನಮ್ಮ ಪಾವಗಡ ಸೀಮೆಯ ಊರೂರಲ್ಲೂ ಇದ್ದೀರಿ. ನಿಮ್ಮೆಲ್ಲರಿಗೂ ಸೇರಿದ ಮಾತನ್ನು ನಿನ್ನೊಬ್ಬಳಿಗೆ ಬರೆಯುತ್ತಿದ್ದೇನೆ. ವೈರಿಂಗ್ ಕೆಲಸದಲ್ಲೇ ತಲೆ ನರೆತವನು ನಾನು, ಸಮಾಧಾನವಾಗಿ ಓದು.

ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿದಂತೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2018ರಲ್ಲಿ ಉದ್ಘಾಟನೆಯಾಗಿ, ಈಗ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಜಮೀನನ್ನು ಕಿತ್ತುಕೊಳ್ಳದೆ 28 ವರ್ಷದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಆ ಗುತ್ತಿಗೆ, ಮಳೆಯನ್ನೇ ಕಾಣದ ನೆಲಕ್ಕೆ ಒಳ್ಳೆಯ ಏರ್ಪಾಡೇ ಸರಿ. ಆದರೆ ಹಣ ಬಂದದ್ದು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಹೆಣ್ಣಾಳುಗಳಿಗೆ ಇದ್ದ ಕೂಲಿಯೂ ಹೋಯಿತು. ಕಂಬ ನೆಡುವಾಗ, ಕೇಬಲ್ ಎಳೆಯುವಾಗ ಸಾವಿರಾರು ಕೈ ಬೇಕಿತ್ತು. ಕಟ್ಟಿ ಮುಗಿದ ಮೇಲೆ ಊರವರ ಪಾಲಿಗೆ ಉಳಿದದ್ದು ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು, ಕಾವಲು ಕಾಯುವುದು.

ಆ ಕೆಲಸ ಕೀಳು ಎನ್ನುತ್ತಿಲ್ಲ. ಟ್ರೇಡ್ ಕಲಿತ ನೀನು ಅಲ್ಲಿಗೇ ನಿಂತುಬಿಡಬಾರದು ಎನ್ನುವುದೇ ನನ್ನ ಕಳಕಳಿ.

ನೀನು ಕಲಿತದ್ದು ಹೆಚ್ಚಾಗಿ ಎಸಿ. ಪ್ಯಾನೆಲ್ ಕೊಡುವುದು ಡಿಸಿ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಡಿಸಿ ಕಿಡಿಗೆ ಹಾಗೆ ಆರುವ ಬಿಡುವಿಲ್ಲ. ಈಗಿನ ದೊಡ್ಡ ಪ್ಯಾನೆಲ್ ಒಂದೊಂದೂ ಸುಮಾರು 50 ವೋಲ್ಟ್ ಕೊಡುತ್ತದೆ, ಹತ್ತನ್ನು ಸಾಲಾಗಿ ಜೋಡಿಸಿದರೆ 500 ವೋಲ್ಟ್. ಲೋಡ್ ಇರುವಾಗ ಕನೆಕ್ಟರ್ ಎಳೆದವನ ಕೈ ಸುಟ್ಟೇ ಹೋಗಬಹುದು. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನೆಲ್ ಕಡೆಯ ವೈರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ಒಂದು ಮನೆಯ ಮಾಳಿಗೆ ಮೇಲೆ ಕರಿಕಾದ ಕನೆಕ್ಟರ್ ನೋಡಿದೆ. ಪ್ಲಾಸ್ಟಿಕ್ ಕರಗಿ ವೈರಿಗೆ ಅಂಟಿಕೊಂಡಿತ್ತು. ಬಿಚ್ಚಿದರೆ ಒಳಗಿನ ಪಿನ್ನನ್ನು ಸಾದಾ ಕಟಿಂಗ್ ಪ್ಲೇಯರಿನಲ್ಲಿ ಅದುಮಿದ್ದರು. ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದ್ದರೆ ಹಿಡಿತ ಸಡಿಲಾಗುತ್ತಿರಲಿಲ್ಲ, ಕಾವೇರುತ್ತಿರಲಿಲ್ಲ. ಸರಿಯಾಗಿ ಕಲಿಸುವವರು ಇಲ್ಲದಿದ್ದರೆ ಆಗುವುದೇ ಹೀಗೆ. ಮೀಟರ್ ಹಿಡಿದು ಅಳೆಯುವುದು, ಅರ್ಥಿಂಗ್ ಪರೀಕ್ಷಿಸುವುದು, ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೆ ಇಡೀ ಸಾಲಿಗೆ ಆಗುವ ನಷ್ಟ ಹುಡುಕುವುದು, ಮೈಗೆ ಸೇಫ್ಟಿ ಹಾರ್ನೆಸ್ ಕಟ್ಟದೆ ಸೂರು ಹತ್ತದಿರುವುದು, ಇವು ನಿನ್ನ ಕೈಗೆ ಒಗ್ಗಬೇಕು.

ಕೆಲಸ ಎಲ್ಲಿದೆ ಎಂದು ಕೇಳುತ್ತೀಯ. ಪಾರ್ಕಿನ ಬೇಲಿಯ ಹೊರಗೇ ಹೆಚ್ಚು ಇದೆ. ಒಂದು ಕೋಟಿ ಮನೆಗಳ ಸೂರಿಗೆ ಸೋಲಾರ್ ಕೂರಿಸುವ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ರೈತರ ಸೋಲಾರ್ ಪಂಪ್‌ಸೆಟ್ಟಿಗೆ ಕುಸುಮ್ ಯೋಜನೆಯಿದೆ. ಕೂರಿಸುವ ಕಂಪನಿ ಬೆಂಗಳೂರಿನಿಂದ ಬಂದು ಹೋಗುತ್ತದೆ. ಮೂರನೇ ವರ್ಷ ಇನ್ವರ್ಟರ್ ಕೆಟ್ಟಾಗ ಅರ್ಧ ಗಂಟೆಯಲ್ಲಿ ಬರುವವರು ಊರಲ್ಲೇ ಇರಬೇಕು. ಆ ಜಾಗ ನಿನ್ನದು. ಹೆಣ್ಣುಮಕ್ಕಳು ಮಾಳಿಗೆ ಹತ್ತುತ್ತಾರೆಯೇ ಎನ್ನುವವರಿಗೆ ನೀನು ಸರಿಮಾಡಿದ ಇನ್ವರ್ಟರ್ ತೋರಿಸು.

ಸೂರ್ಯಮಿತ್ರ ಎಂಬ ಉಚಿತ ತರಬೇತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ತಂದದ್ದು ನಿನ್ನಂಥವರಿಗಾಗಿಯೇ. 600 ಗಂಟೆಗಳ, ಅಲ್ಲೇ ಉಳಿದು ಕಲಿಯುವ ಪಾಠ ಅದು. ಹತ್ತಿರ ಎಲ್ಲಿ ನಡೆಯುತ್ತದೆಂದು ನಿನ್ನ ಐಟಿಐ ಪ್ರಾಂಶುಪಾಲರನ್ನು ವಿಚಾರಿಸು. ಸರ್ಟಿಫಿಕೇಟ್ ಸಿಕ್ಕಿತೆಂದು ಸುಮ್ಮನಾಗದೆ ವೈರ್‌ಮನ್ ಪರ್ಮಿಟ್ಟನ್ನೂ ಮಾಡಿಸಿಕೋ.

ಇನ್ನೊಂದು ಮಾತು. ಇಷ್ಟು ದೊಡ್ಡ ಪಾರ್ಕನ್ನು ಮಡಿಲಲ್ಲಿಟ್ಟುಕೊಂಡ ತಾಲ್ಲೂಕಿನ ಮಕ್ಕಳು ಕಲಿಯಲು ದೂರದ ಊರಿಗೆ ಹೋಗುವುದು ನನಗೆ ಸರಿಕಾಣದು. ಸೋಲಾರ್ ಟ್ರೇಡಿನ ಪ್ರಯೋಗಶಾಲೆ ಇಲ್ಲೇ ಬೇಕು, ಪಾರ್ಕಿನ ತಾಂತ್ರಿಕ ಹುದ್ದೆಗಳಿಗೆ ಇಲ್ಲಿ ಕಲಿತವರನ್ನು ಮೊದಲು ಕರೆಯಬೇಕು. ಮುಂದಿನ ಗ್ರಾಮಸಭೆಗೆ ನಿನ್ನ ಗೆಳತಿಯರನ್ನೂ ಕರೆದುಕೊಂಡು ಹೋಗಿ ಇದನ್ನು ಅರ್ಜಿಯಲ್ಲಿ ಬರೆದು ಕೊಡು, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬಾ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಊರಿನ ಹಿರಿಯ